ಟೆಸ್ಟ್ ಪಾಸ್ ಆಯ್ತು, ಆದರೆ ಓಡಿದ್ದು ಯಾವ ಫಂಕ್ಷನ್?

ಪರದೆ: ಟೆಸ್ಟ್ ಔಟ್‌ಪುಟ್, ಎಲ್ಲಾ ಸಾಲೂ ಹಸಿರು.

ಎಲ್ಲಾ ಟೆಸ್ಟ್ ಪಾಸ್. ಕಂಪೈಲ್ ಆದ ಫೈಲುಗಳನ್ನು ಜೋಡಿಸಿ ಒಂದು ಪ್ರೋಗ್ರಾಂ ಮಾಡುವ ಲಿಂಕರ್ ಒಂದು ವಾರ್ನಿಂಗ್ ಕೂಡ ಕೊಟ್ಟಿಲ್ಲ. ಆದರೆ ಅಸಲಿಯ ಬದಲು ಟೆಸ್ಟಿನಲ್ಲಿ ಓಡಲಿ ಅಂತ ನೀವು ಬರೆದ ಫೇಕ್ ಫಂಕ್ಷನ್ ಒಮ್ಮೆಯೂ ಓಡಿಲ್ಲ. ಹೀಗೆ ಯಾಕೆ ಆಗುತ್ತದೆ, ಸರಿ ಮಾಡೋದು ಹೇಗೆ, ಇವತ್ತು ನೋಡೋಣ.

ಪುಣೆಯಿಂದ ನಮಸ್ಕಾರ. ಹಿಂಜವಡಿ, ಪಿಂಪ್ರಿ, ಚಾಕಣ ಕಡೆ ಗಾಡಿಗಳ ಕಂಟ್ರೋಲರ್‌ಗೆ ಸಿ ಕೋಡ್ ಬರೆಯುವ ನಮ್ಮ ಬೆಳಗಾವಿ, ಹುಬ್ಬಳ್ಳಿ, ವಿಜಯಪುರದವರು ತುಂಬಾ ಜನ ಇದ್ದೀರಿ. ಆಫೀಸಿನಲ್ಲಿ ಈ ಮಾತೆಲ್ಲ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಗಡಿಬಿಡಿಯಲ್ಲಿ ಮುಗಿದುಹೋಗುತ್ತದೆ. ಇಲ್ಲಿ ಕನ್ನಡದಲ್ಲಿ, ನಿಧಾನವಾಗಿ ಮಾತಾಡೋಣ.

ಬ್ಯಾಟರಿ ಕಂಟ್ರೋಲರ್ ಒಂದನ್ನು ತಗೊಳ್ಳಿ. ಡ್ರೈವರ್ ಫೈಲಿನಲ್ಲಿ ರೀಡ್_ಟೆಂಪ್ ಅನ್ನೋ ಫಂಕ್ಷನ್ ಇದೆ. ಅದಕ್ಕೆ ವೀಕ್ ಅಂತ ಗುರುತು ಹಾಕಿದ್ದಾರೆ, ಅಂದರೆ ಅದೇ ಹೆಸರಿನ ಇನ್ನೊಂದು ಫಂಕ್ಷನ್ ಬಂದರೆ ಇದು ಜಾಗ ಬಿಟ್ಟುಕೊಡಬಹುದು. ಅದು ಸುಮ್ನೆ 25 ಡಿಗ್ರಿ ಅಂತ ಉತ್ತರ ಕೊಡುತ್ತದೆ. ಟೆಸ್ಟಿಗಾಗಿ ನೀವು ಅದೇ ಹೆಸರಿನ ಫೇಕ್ ಬರೆದಿರಿ, ಅದು 30 ಕೊಡುತ್ತದೆ. ವೀಕ್ ಗುರುತು ಇಲ್ಲದ್ದು ಸ್ಟ್ರಾಂಗ್. ಎರಡರ ಆಬ್ಜೆಕ್ಟ್ ಫೈಲುಗಳೂ (ಸಿ ಫೈಲ್ ಕಂಪೈಲ್ ಆದಾಗ ಸಿಗುವ ಫೈಲುಗಳು) ನೇರವಾಗಿ ಲಿಂಕರ್ ಕೈಗೆ ಸಿಕ್ಕರೆ ಸ್ಟ್ರಾಂಗ್ ಗೆಲ್ಲುತ್ತದೆ. ಇಷ್ಟು ಎಲ್ಲರಿಗೂ ಗೊತ್ತು.

ಆದರೆ ಫೇಕ್‌ಗಳನ್ನೆಲ್ಲ ಒಂದು ಸ್ಟ್ಯಾಟಿಕ್ ಲೈಬ್ರರಿಯಲ್ಲಿ, ಅಂದರೆ ಆಬ್ಜೆಕ್ಟ್ ಫೈಲುಗಳ ಒಂದು ಕಟ್ಟಿನಲ್ಲಿ, ತುಂಬಿಟ್ಟಿದ್ದರೆ? ಆಗ ಲೆಕ್ಕವೇ ಬೇರೆ. ಇನ್ನೂ ಸಿಗದ ಸಿಂಬಲ್ (ಫಂಕ್ಷನ್ ಅಥವಾ ವೇರಿಯಬಲ್ ಹೆಸರು) ಯಾವುದಾದರೂ ಉಳಿದಿದ್ದರೆ ಮಾತ್ರ ಲಿಂಕರ್ ಲೈಬ್ರರಿಯೊಳಗೆ ಹುಡುಕುತ್ತದೆ. ಮನೆಯ ಡಬ್ಬಿಯಲ್ಲಿ ಉಪ್ಪಿದ್ದರೆ ಯಾರೂ ಉಪ್ಪಿಗಾಗಿ ಅಂಗಡಿಗೆ ಹೋಗಲ್ಲ, ಅಲ್ವಾ? ವೀಕ್ ಆದರೂ ಡ್ರೈವರ್‌ನಲ್ಲಿ ರೀಡ್_ಟೆಂಪ್ ಸಿಕ್ಕಾಗಿದೆ. ಹಾಗಾಗಿ ನಿಮ್ಮ ಫೇಕ್ ಲೈಬ್ರರಿಯಲ್ಲೇ ಉಳಿಯುತ್ತದೆ. ಇದು ಲಿಂಕರ್‌ನ ಬಗ್ ಅಲ್ಲ. ಆಬ್ಜೆಕ್ಟ್ ಫೈಲುಗಳ ಫಾರ್ಮ್ಯಾಟ್ ಆದ ಈಎಲ್‌ಎಫ್‌ನ ನಿಯಮವೇ ಹಾಗಿದೆ.

ಈ ಟೆಸ್ಟ್ ನೋಡೋದು ಚಾರ್ಜಿಂಗ್ ನಡೆಯುತ್ತದಾ ಅಂತ. 25 ಆದರೂ 30 ಆದರೂ ಚಾರ್ಜಿಂಗ್ ನಡೆಯಬೇಕು. ಆದ್ದರಿಂದ ಟೆಸ್ಟ್ ಪಾಸ್. ನನಗೆ ಭಯ ಹುಟ್ಟಿಸೋದು ಇದೇ. ಫೇಲ್ ಆದ ಟೆಸ್ಟನ್ನು ಯಾರಾದರೂ ನೋಡುತ್ತಾರೆ. ಹಸಿರು ಟೆಸ್ಟನ್ನು ಯಾರೂ ತೆರೆದು ನೋಡಲ್ಲ. ಅದರ ಮೇಲೆ ನಂಬಿಕೆ ಇಟ್ಟೇ ಕೋಡ್ ಗಾಡಿಯೊಳಗೆ ಹೋಗುತ್ತದೆ.

ಇನ್ನೊಂದು ವಿಷಯ. “ನಿನ್ನೆವರೆಗೆ ಸರಿಯಾಗಿತ್ತು, ಇವತ್ತು ಕೆಟ್ಟಿತು” ಅಂತೀವಲ್ಲ, ಅದಕ್ಕೂ ಇಲ್ಲೇ ಉತ್ತರ ಇದೆ. ಲೈಬ್ರರಿಯಿಂದ ಬರೋದು ಇಡೀ ಆಬ್ಜೆಕ್ಟ್ ಫೈಲ್, ಒಂದೊಂದೇ ಫಂಕ್ಷನ್ ಅಲ್ಲ. ಅದೇ ಫೇಕ್ ಫೈಲಿನ ಬೇರೆ ಯಾವುದೋ ಫಂಕ್ಷನ್ ಬೇಕಾಗಿ ಫೈಲ್ ಒಳಗೆ ಬಂದಿದ್ದರೆ, ಅದರ ಜೊತೆ ನಿಮ್ಮ ರೀಡ್_ಟೆಂಪ್ ಕೂಡ ಬಂದು ವೀಕ್ ಅನ್ನು ಸೋಲಿಸಿರುತ್ತದೆ. ಯಾರೋ ಫೈಲನ್ನು ಎರಡು ಮಾಡಿ ನೀಟಾಗಿ ಇಟ್ಟ ದಿನ ಆ ನಂಟು ತಪ್ಪುತ್ತದೆ. ಟೆಸ್ಟ್ ಕೋಡಿನ ಒಂದು ಸಾಲೂ ಬದಲಾಗಿರಲ್ಲ.

ಪರದೆ: ಟರ್ಮಿನಲ್, ಎನ್ಎಂ ಕಮಾಂಡ್.

ಪತ್ತೆ ಮಾಡೋದು ಸುಲಭ. ಕೊನೆಗೆ ಸಿಗುವ ಎಕ್ಸಿಕ್ಯೂಟಬಲ್ ಮೇಲೆ, ಸಿಂಬಲ್‌ಗಳ ಪಟ್ಟಿ ಕೊಡುವ ಎನ್ಎಂ ಓಡಿಸಿ, ರೀಡ್_ಟೆಂಪ್ ಸಾಲು ನೋಡಿ. ದೊಡ್ಡ ಟಿ ಇದ್ದರೆ ಸ್ಟ್ರಾಂಗ್ ಬಂದಿದೆ. ದೊಡ್ಡ ಡಬ್ಲ್ಯೂ ಇದ್ದರೆ ವೀಕ್ ಉಳಿದಿದೆ. ಸಣ್ಣ ಡಬ್ಲ್ಯೂ ಇದ್ದರೆ ಡೆಫಿನಿಷನ್ನೇ (ಫಂಕ್ಷನ್ನಿನ ಒಳಗಿನ ಕೋಡ್) ಇಲ್ಲ. ಸ್ಟ್ಯಾಟಿಕ್ ಲಿಂಕ್‌ನಲ್ಲಿ ಅದರ ವಿಳಾಸ ಸೊನ್ನೆ, ಕರೆದರೆ ಕ್ರ್ಯಾಶ್ ಆಗಬಹುದು. ಯಾವ ಫೈಲಿನಿಂದ ಬಂತು ಅಂತ ತಿಳಿಯಬೇಕಾದರೆ ಲಿಂಕರ್‌ಗೆ ಟ್ರೇಸ್-ಸಿಂಬಲ್ ಆಯ್ಕೆ ಕೊಡಿ.

ಸರಿ ಮಾಡೋಕೆ, ಫೇಕ್ ಫೈಲನ್ನು ಲಿಂಕರ್‌ಗೆ ನೇರವಾಗಿ ಆಬ್ಜೆಕ್ಟ್ ಫೈಲ್ ಆಗಿಯೇ ಕೊಡೋದು ನನಗೆ ಎಲ್ಲಕ್ಕಿಂತ ಇಷ್ಟ. ಬಿಲ್ಡ್ ಮಾಡೋಕೆ ಸಿಮೇಕ್ ಬಳಸುವವರಿಗೆ ಆಬ್ಜೆಕ್ಟ್ ಲೈಬ್ರರಿ ಇದೆ. ಹೋಲ್-ಆರ್ಕೈವ್ ಆಯ್ಕೆಯಿಂದಲೂ ಕೆಲಸ ಆಗುತ್ತದೆ, ಆದರೆ ಅದು ಇಡೀ ಲೈಬ್ರರಿಯನ್ನೇ ಎಳೆದು ತರುತ್ತದೆ. ಆ ಲೈಬ್ರರಿಯ ಹೆಸರು ಬರೆದ ನಂತರ ನೋ-ಹೋಲ್-ಆರ್ಕೈವ್ ಹಾಕಲೇಬೇಕು. ಇಲ್ಲದಿದ್ದರೆ ಕಂಪೈಲರ್ ಆದ ಜಿಸಿಸಿ ಕೊನೆಗೆ ಸೇರಿಸುವ ತನ್ನ ಲೈಬ್ರರಿಗಳಿಗೂ ಅದೇ ಅನ್ವಯಿಸುತ್ತದೆ.

ಹೆಡರ್ ಫೈಲನ್ನೂ ಒಮ್ಮೆ ತೆರೆದು ನೋಡಿ. ವೀಕ್ ಗುರುತು ಹೆಡರಿನ ಡಿಕ್ಲರೇಷನ್ (ಇಂಥ ಫಂಕ್ಷನ್ ಇದೆ ಅಂತ ಹೇಳುವ ಸಾಲು) ಮೇಲೆ ಇದ್ದರೆ, ಅದನ್ನು ಸೇರಿಸಿಕೊಂಡ ನಿಮ್ಮ ಫೇಕ್ ಕೂಡ ವೀಕ್ ಆಗುತ್ತದೆ. ಎರಡೂ ವೀಕ್ ಆದರೆ ಲಿಂಕರ್‌ಗೆ ಮೊದಲು ಸಿಕ್ಕಿದ್ದೇ ಉಳಿಯುತ್ತದೆ. ಗುರುತು ಡೆಫಿನಿಷನ್ ಮೇಲೆ ಮಾತ್ರ ಇರಲಿ. ಪ್ರೊಡಕ್ಷನ್ ಕೋಡಿಗೆ ಕೈ ಹಚ್ಚೋದೇ ಬೇಡ ಅಂದರೆ, ಟೆಸ್ಟ್ ಬಿಲ್ಡ್‌ನಲ್ಲಿ, ಆಬ್ಜೆಕ್ಟ್ ಫೈಲನ್ನು ತಿದ್ದುವ ಆಬ್ಜ್‌ಕಾಪಿ ಕಮಾಂಡ್‌ನ ವೀಕನ್-ಸಿಂಬಲ್ ಆಯ್ಕೆ ಬಳಸಿ ಆ ಒಂದು ಹೆಸರನ್ನಷ್ಟೇ ವೀಕ್ ಮಾಡಬಹುದು.

ಫೇಕ್‌ಗಳನ್ನು ಲೈಬ್ರರಿಯಲ್ಲೇ ಇಡಬೇಕಾದ ಪ್ರಾಜೆಕ್ಟ್ ನಿಮ್ಮದಾಗಿದ್ದರೆ ಹೀಗೆ ಮಾಡಿ. ಫೇಕ್ ಇರುವ ಅದೇ ಸಿ ಫೈಲಿನಲ್ಲಿ, ಫೇಕ್ ಓಡಿದಾಗಲೆಲ್ಲ ಒಂದು ಹೆಚ್ಚುವ ಕೌಂಟರ್ ಇಡಿ. ಅದನ್ನು ಸೊನ್ನೆ ಮಾಡುವ ಫೇಕ್_ರೀಸೆಟ್ ಕೂಡ ಅಲ್ಲೇ ಇರಲಿ. ಪ್ರತಿ ಟೆಸ್ಟಿನ ಶುರುವಿನಲ್ಲಿ ಫೇಕ್_ರೀಸೆಟ್ ಅನ್ನು ಕರೆಯಿರಿ. ಆ ಹೆಸರು ಬೇರೆಲ್ಲೂ ಇಲ್ಲ, ಆದ್ದರಿಂದ ಲಿಂಕರ್ ಆ ಫೈಲನ್ನು ತರಲೇಬೇಕು. ಟೆಸ್ಟಿನ ಕೊನೆಗೆ ಕೌಂಟರ್ ಸೊನ್ನೆಗಿಂತ ಜಾಸ್ತಿ ಇದೆಯಾ ಅಂತ ಅಸರ್ಟ್ (ತಪ್ಪಿದರೆ ಟೆಸ್ಟ್ ಫೇಲ್ ಮಾಡುವ ಪರೀಕ್ಷೆ) ಹಾಕಿ. ಮುಂದೆ ಯಾರಾದರೂ ಫೈಲ್ ಒಡೆದು ಫೇಕ್ ಅನ್ನು ಫೇಕ್_ರೀಸೆಟ್‌ನಿಂದ ಬೇರೆ ಮಾಡಿದರೆ, ಟೆಸ್ಟ್ ಅಲ್ಲೇ ಕೆಂಪಾಗುತ್ತದೆ.