ಬೆರಳು ಬಿಡಿ, ಕಮಾನು ಕೇಳಿ

ಮುಂಬೈಯ ಕನ್ನಡ ಕೇಳುಗರಿಗೆ ನಮಸ್ಕಾರ. ಚೆಲ್ಲೋ ಬಗ್ಗೆ ಐದು ನಿಮಿಷ ಮಾತಾಡಿ ಅಂದಿದ್ದಾರೆ. ಚೆಲ್ಲೋ ಅಂದರೆ ವಯಲಿನ್‌ನ ದೊಡ್ಡಣ್ಣ. ನಾಲ್ಕು ತಂತಿ. ಕುರ್ಚಿಯಲ್ಲಿ ಕೂತು, ಮಂಡಿಗಳ ನಡುವೆ ನಿಲ್ಲಿಸಿಕೊಂಡು, ಕಮಾನು ಎಳೆದು ನುಡಿಸುತ್ತಾರೆ.

ದೊಡ್ಡ ವಾದಕರು ಬಂದು ಹೋದ ಮರುದಿನ ಪೇಪರ್ ನೋಡಿ. ಬೆರಳುಗಳ ಮಿಂಚು, ಏನು ವೇಗ, ಅಂತೆಲ್ಲ ಹೊಗಳಿರುತ್ತಾರೆ. ನನಗೆ ಸ್ವಲ್ಪ ರೇಗುತ್ತದೆ. ವೇಗ ಬೇಕಿದ್ದರೆ ದಾದರ್‌ನಲ್ಲಿ ಫಾಸ್ಟ್ ಲೋಕಲ್ ಹತ್ತಿದರಾಯ್ತು, ಅಲ್ವಾ? ಬೆರಳು ಸ್ವರ ಹಿಡಿಯುತ್ತದೆ, ಅಷ್ಟೇ. ಉಸಿರು ಇರೋದು ಕಮಾನಿನಲ್ಲಿ. ಬೆರಳು ಬಿಡಿ, ಕಮಾನು ಕೇಳಿ.

ನನಗೆ ಇದನ್ನು ಕಲಿಸಿದ್ದು ವಿಮರ್ಶಕರಲ್ಲ, ನನ್ನ ಸೋದರಮಾವ. ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಊರಲ್ಲಿದ್ದಾಗ ರಾತ್ರಿಯಿಡೀ ಯಕ್ಷಗಾನ ನೋಡಿದವರು. ಫೋರ್ಟ್‌ನ ಫುಟ್‌ಪಾತಿನಲ್ಲಿ ನಾನೊಂದು ಹಳೇ ರೆಕಾರ್ಡ್ ಕೊಂಡಿದ್ದೆ. ಇಂಗ್ಲೆಂಡಿನ ಚೆಲ್ಲೋ ವಾದಕಿ ಜಾಕ್ಲಿನ್ ದು ಪ್ರೇ ನುಡಿಸಿದ, ಅಲ್ಲಿನವರೇ ಆದ ಎಲ್ಗರ್ ಬರೆದ ಕನ್ಚರ್ಟೊ, ಅಂದರೆ ಚೆಲ್ಲೋ ಮುಂದೆ, ವಾದ್ಯವೃಂದ ಜೊತೆಗೆ. ರೆಕಾರ್ಡ್ 1965ರದ್ದು. ಆಗ ದು ಪ್ರೇ ಅವರಿಗೆ ಬರೀ 20 ವರ್ಷ. ಮಾವ ಹೋಟೆಲ್ ಮುಚ್ಚಿ ಬಂದು ಊಟಕ್ಕೆ ಕೂತಿದ್ದರು. ನಾನು ಮುಳ್ಳು ಇಳಿಸಿದೆ. ಮೊದಲು ಚೆಲ್ಲೋ, ಹೆಚ್ಚುಕಡಿಮೆ ಒಂಟಿಯಾಗಿ, ಕೆಲವು ಭಾರದ ಸ್ವರ ಎಳೆಯುತ್ತದೆ. ಆಮೇಲೆ ವಯೋಲಾಗಳು, ವಯಲಿನ್‌ಗಿಂತ ತುಸು ದೊಡ್ಡವು, ಮೆಲ್ಲಗೆ ರಾಗ ಶುರು ಮಾಡುತ್ತವೆ. ಮಾವನ ಕೈಯ ತುತ್ತು ಅರ್ಧದಲ್ಲೇ ನಿಂತಿತು. "ಭಾಗವತರು ಪದ ಎತ್ತಿದ ಹಾಗೆಯೇ ಉಂಟಲ್ಲ ಮಾರಾಯ!" ಅಂದರು. ಕೈ ಒಣಗಿದರೂ ಏಳಲಿಲ್ಲ. ಆ ರೆಕಾರ್ಡಿನ ಇನ್ನೊಂದು ಮಗ್ಗುಲಲ್ಲಿ ಜಾನೆಟ್ ಬೇಕರ್ ಹಾಡಿದ್ದಾರೆ. ತಿರುಗಿಸಿ ಹಾಕುತ್ತಾ, "ಇನ್ನು ಹಾಡು ಮಾವ" ಅಂದೆ. "ಇಷ್ಟು ಹೊತ್ತು ಆದದ್ದು ಮತ್ತೆ ಎಂತದ್ದು?" ಅಂದರು.

ಅದೇ ವಿಮರ್ಶೆ! ಇಂಗ್ಲೆಂಡಿನ ವಿಮರ್ಶಕರು ಈ ರೆಕಾರ್ಡನ್ನು ಹೊಗಳಿದ್ದು ಕಡಿಮೆಯೇನಲ್ಲ. ಇವತ್ತಿಗೂ ಎಲ್ಗರ್ ಯಾರೇ ನುಡಿಸಲಿ, ಇದರ ಪಕ್ಕ ಇಟ್ಟೇ ತೂಗುತ್ತಾರೆ. ತಮಾಷೆ ಏನು ಗೊತ್ತಾ? 1919ರ ಮೊದಲ ಕಛೇರಿಯಲ್ಲಿ ಈ ಕೃತಿ ಬಿದ್ದೇ ಹೋಗಿತ್ತು. ತಾಲೀಮು ಸಾಕಾಗಿರಲಿಲ್ಲ. ಆ ದಿನ ಚೆಲ್ಲೋ ಸಾಲಿನಲ್ಲಿ ಕೂತಿದ್ದ ಹುಡುಗ ಬಾರ್ಬಿರೋಲಿ. 1965ರಲ್ಲಿ ದು ಪ್ರೇ ಅವರಿಗೆ ವಾದ್ಯವೃಂದ ನಡೆಸಿಕೊಟ್ಟವರೂ ಅವರೇ.

ಸ್ಟುಡಿಯೋ ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ವಾದ್ಯವೃಂದ ನಡೆಸುವ ನಮ್ಮ ಮುಂಬೈಯ ಜುಬಿನ್ ಮೆಹ್ತಾ 1969ರಲ್ಲಿ ಲಂಡನ್‌ನಲ್ಲಿ ದು ಪ್ರೇ ಜೊತೆ ಡಬಲ್ ಬೇಸ್, ಅಂದರೆ ಚೆಲ್ಲೋಗಿಂತಲೂ ದೊಡ್ಡ ತಂತಿವಾದ್ಯ, ನುಡಿಸಿದ್ದರು, ಶೂಬರ್ಟ್‌ನ ಟ್ರೌಟ್ ಕ್ವಿಂಟೆಟ್ ಎಂಬ ಐದು ವಾದ್ಯಗಳ ಕೃತಿಗೆ. 1973ರಲ್ಲಿ, 28ನೇ ವಯಸ್ಸಿಗೇ, ನರದ ಕಾಯಿಲೆಯಿಂದ ದು ಪ್ರೇ ಅವರ ಕಛೇರಿಗಳು ನಿಂತವು. ಇನ್ನೊಬ್ಬ ದೊಡ್ಡ ಚೆಲ್ಲೋ ವಾದಕ ಪಾಬ್ಲೊ ಕಸಾಲ್ಸ್ ಬಗ್ಗೆ ಹೇಳಬೇಕಿತ್ತು. 13ನೇ ವಯಸ್ಸಿಗೆ ಬಾರ್ಸಿಲೋನಾದ ಅಂಗಡಿಯಲ್ಲಿ ಬಾಖ್ ಒಂಟಿ ಚೆಲ್ಲೋಗೆ ಬರೆದ ಆರು ಸ್ವೀಟ್‌ಗಳ, ಅಂದರೆ ನೃತ್ಯಗತಿಯ ತುಣುಕುಗಳ ಮಾಲೆಗಳ, ಪುಸ್ತಕ ಸಿಕ್ಕಿ, 12 ವರ್ಷ ಮನೆಯಲ್ಲೇ ಅಭ್ಯಾಸ ಮಾಡಿದವರು. ಇಂದಿನ ಚೆಲ್ಲೋ ವಾದಕ ಯೋ-ಯೋ ಮಾ ಆ ಆರನ್ನೂ ಮೂರು ಸಲ ರೆಕಾರ್ಡ್ ಮಾಡಿದ್ದಾರೆ. ಅಲ್ಲೂ ಅಷ್ಟೇ, ಕಮಾನು ಕೇಳಿ.

ಇವತ್ತು ರಾತ್ರಿ ಮೊಬೈಲಿನಲ್ಲಿ ದು ಪ್ರೇ ಅವರ ಎಲ್ಗರ್ ಹಾಕಿ. ಮೊದಲ ಅರ್ಧ ನಿಮಿಷ ಫ್ಯಾನ್ ಆಫ್ ಮಾಡಿ. ಈ ಸೆಕೆಯಲ್ಲಿ ಕಷ್ಟ, ಗೊತ್ತು. ಆದರೂ ಮಾಡಿ. ನಮಸ್ಕಾರ.