ಎರಡು ಕೈಗಳ ಚಿತ್ರ

ಕೇಳುಗರಿಗೆ ನಮಸ್ಕಾರ.

1960ರ ದಶಕದ ಕೊನೆಯಲ್ಲಿ ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆಗೆ ಹೋಗುತ್ತಿದ್ದೆ. ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಒಗ್ಗರಣೆ ಘಮ ಕ್ಲಾಸಿನೊಳಗೆ ಬಂದುಬಿಡುತ್ತಿತ್ತು. ಗೋಧಿ ನುಚ್ಚಿನ ಉಪ್ಪಿಟ್ಟು. ಮುತ್ತುಗದ ಎಲೆ ಮೇಲೆ ಒಂದು ಸೌಟು ಹಾಕುತ್ತಿದ್ದರು. ಕೆಲವು ದಿನ ಪುಡಿಯಿಂದ ಕದಡಿದ ಹಾಲೂ ಇರುತ್ತಿತ್ತು. ನನ್ನ ವಯಸ್ಸಿನವರಿಗೆ ಹೆಸರು ಹೇಳಿದರೆ ಸಾಕು, ನೆನಪಾಗುತ್ತದೆ: ಕೇರ್ ಉಪ್ಪಿಟ್ಟು.

ಆ ನುಚ್ಚಿನ ಚೀಲದ ಮೇಲೆ ಒಂದು ಚಿತ್ರ ಇತ್ತು. ಎರಡು ಕೈಗಳು ಒಂದನ್ನೊಂದು ಹಿಡಿದುಕೊಂಡ ಚಿತ್ರ. ಅದರ ಕೆಳಗೆ ಇಂಗ್ಲಿಷ್ ಅಕ್ಷರ. ಅದನ್ನು ಓದಲು ನಮಗೆ ಬರುತ್ತಿರಲಿಲ್ಲ. ಮೇಷ್ಟ್ರು ಓದಿ ಹೇಳಿದ್ದರು: "ಅಮೆರಿಕದ ಜನ ಕೊಟ್ಟಿದ್ದು. ಇದನ್ನು ಮಾರಬಾರದು ಅಂತ ಬರೆದಿದೆ ಕಣ್ರೋ." ಅಮೆರಿಕ ಎಲ್ಲಿದೆ, ಅವರು ನಮಗೆ ಯಾಕೆ ಕೊಡಬೇಕು ಅಂತ ಯಾರೂ ಕೇಳಲಿಲ್ಲ. ಹಸಿವಾಗಿತ್ತು, ತಿಂದೆವು.

ಯಾಕೆ ಅಂತ ಗೊತ್ತಾಗಿದ್ದು ನಾನೇ ಟೀಚರ್ ಆದ ಮೇಲೆ. ಅಲ್ಲಿನ ರೈತರು ಬೆಳೆದಿದ್ದು ಅಲ್ಲಿನ ಮಾರುಕಟ್ಟೆಗೆ ಮೀರಿ ಹೋಗುತ್ತಿತ್ತು. ಬೆಲೆ ಬಿದ್ದು ರೈತ ಮುಳುಗಬಾರದು ಅಂತ ಸರ್ಕಾರವೇ ಕೊಂಡುಕೊಳ್ಳುತ್ತಿತ್ತು. ಕೊಂಡಿದ್ದನ್ನು ಎಲ್ಲಿ ಇಡುವುದು? 1954ರಲ್ಲಿ ಪಿಎಲ್ 480 ಅನ್ನುವ ಕಾನೂನು ಬಂತು. ಆ ಕಾನೂನಿನಡಿ ಮಿಕ್ಕಿದ ಧಾನ್ಯ ಹಡಗು ಹತ್ತಿತು. ಒಂದಷ್ಟನ್ನು ಬೇರೆ ದೇಶಗಳಿಗೆ ಮಾರಿದರು. ಒಂದಷ್ಟನ್ನು ದಾನವಾಗಿ ಕೇರ್‌ನಂಥ ಸೇವಾ ಸಂಸ್ಥೆಗಳ ಕೈಗೆ ಕೊಟ್ಟರು. ಸರ್ಕಾರದ ಧಾನ್ಯ, ಸಂಸ್ಥೆಯ ಕೈ, ನಮ್ಮ ಎಲೆ.

ಇದೆಲ್ಲ ಮರೆತೇ ಹೋಗಿತ್ತು. ಕೆಲವು ವರ್ಷಗಳ ಹಿಂದೆ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋದೆ. ಮಿಷಿಗನ್ ರಾಜ್ಯದ ಒಂದು ಸಣ್ಣ ಊರು. ಮಗು ಮೂರು ತಿಂಗಳದಾದ ಮೇಲೆ ನನಗೆ ಸ್ವಲ್ಪ ಬಿಡುವಾಯಿತು. ಪಕ್ಕದ ಬೀದಿಯ ಚರ್ಚಿನಲ್ಲಿ ಶನಿವಾರ ಬೆಳಗ್ಗೆ ಬಡವರಿಗೆ ದಿನಸಿ ಕೊಡುತ್ತಾರೆ, ಕೈ ಜೋಡಿಸುವವರು ಬೇಕು ಅಂತ ಮಗಳು ಹೇಳಿದಳು. ಹೋದೆ. ಚರ್ಚಿನ ನೆಲಮಾಳಿಗೆ. ಗೋಡೆಯುದ್ದಕ್ಕೂ ಕಪಾಟು. ಅಕ್ಕಿ, ಬೇಳೆ, ಡಬ್ಬಿಯಲ್ಲಿ ಹಾಕಿದ ಬೀನ್ಸ್, ಪೀಚ್ ಹಣ್ಣು, ಕಡಲೆಕಾಯಿ ಬೆಣ್ಣೆ, ಹಾಲಿನ ಪುಡಿ. ಇದನ್ನು ಅವರು ಫುಡ್ ಪ್ಯಾಂಟ್ರಿ ಅನ್ನುತ್ತಾರೆ.

ಇದೆಲ್ಲ ಭಕ್ತರು ಕೊಟ್ಟಿದ್ದು ಅಂದುಕೊಂಡಿದ್ದೆ. ಅರ್ಧ ನಿಜ. ಉಳಿದದ್ದು ಸರ್ಕಾರದ್ದು.

ಒಂದು ಡಬ್ಬಿ ಬೀನ್ಸ್ ಹಿಡಿದು ಅದರ ಹಿಂದೆ ಹೋದರೆ ದಾರಿ ಹೀಗಿದೆ. ಅಲ್ಲಿನ ಕೇಂದ್ರ ಸರ್ಕಾರದ ಕೃಷಿ ಇಲಾಖೆ ಆಹಾರ ಕೊಳ್ಳುತ್ತದೆ. ಯಾವ ರಾಜ್ಯಕ್ಕೆ ಎಷ್ಟು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ನೂರರಲ್ಲಿ 60 ಪಾಲು ಬಡವರ ಸಂಖ್ಯೆ ನೋಡಿ, 40 ಪಾಲು ಕೆಲಸ ಇಲ್ಲದವರ ಸಂಖ್ಯೆ ನೋಡಿ. ರಾಜ್ಯದಿಂದ ಅದು ಫುಡ್ ಬ್ಯಾಂಕ್ ಅನ್ನುವ ದೊಡ್ಡ ಗೋದಾಮಿಗೆ ಬರುತ್ತದೆ. ಇಂಥ ಬ್ಯಾಂಕು ಮೊದಲು ಶುರುವಾಗಿದ್ದು 1967ರಲ್ಲಿ, ಅರಿಜೋನಾದ ಫೀನಿಕ್ಸ್ ಊರಿನಲ್ಲಿ. ಜಾನ್ ವಾನ್ ಹೆಂಗಲ್ ಅನ್ನುವವರು ಶುರು ಮಾಡಿದ್ದು. ಈಗ ದೇಶದ ತುಂಬ ಸುಮಾರು 200 ಇವೆ. ಅಲ್ಲಿಂದ ಲಾರಿಯಲ್ಲಿ ಚರ್ಚು, ಗಂಜಿಕೇಂದ್ರ, ಊರಿನ ಸಣ್ಣಪುಟ್ಟ ಸಂಘಗಳಿಗೆ ಹೋಗುತ್ತದೆ. ಸರ್ಕಾರಿ ನೌಕರರು ನಮ್ಮ ನೆಲಮಾಳಿಗೆಯಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರೂ ರಿಟೈರ್ ಆದವರು, ಸಂಬಳ ಇಲ್ಲದೆ ದುಡಿಯುವವರು.

ಸರ್ಕಾರ ಹೀಗೆ ಆಹಾರ ಕೊಡುವ ಏರ್ಪಾಡು ಹುಟ್ಟಿದ್ದು ಚೀಸ್‌ನಿಂದ. ಹಾಲಿನ ಬೆಲೆ ಬೀಳದಿರಲಿ ಅಂತ ಸರ್ಕಾರ ಚೀಸ್ ಕೊಂಡು ಕೊಂಡು ಗೋದಾಮು ತುಂಬಿಸಿತ್ತು. 1981ರ ಕೊನೆಯಲ್ಲಿ ಅಧ್ಯಕ್ಷ ರೇಗನ್ ಅದನ್ನು ಬಡವರಿಗೆ ಹಂಚಲು ಒಪ್ಪಿದರು. ಒಂದೊಂದು ಗಟ್ಟಿ ಐದು ಪೌಂಡ್, ಅಂದರೆ ಎರಡೂಕಾಲು ಕೆಜಿ. ಹಂಚುವವರು ಯಾರು? ಆಗಲೂ ಚರ್ಚುಗಳು, ಸಂಘಗಳೇ. 1983ರಲ್ಲಿ ಇದಕ್ಕೆ ಕಾನೂನು ಮಾಡಿದಾಗ ಹೆಸರಿನಲ್ಲೇ 'ತಾತ್ಕಾಲಿಕ' ಅಂತ ಇತ್ತು. 1990ರಲ್ಲಿ ಆ ಪದ ತೆಗೆದರು. ಹಸಿವು ತಾತ್ಕಾಲಿಕ ಅಲ್ಲ ಅಂತ ಅಷ್ಟೊತ್ತಿಗೆ ಅವರಿಗೂ ಗೊತ್ತಾಗಿತ್ತು, ಅಲ್ವಾ?

ಆ ಪ್ಯಾಂಟ್ರಿ ನೋಡಿಕೊಳ್ಳುತ್ತಿದ್ದವರು ನನಗಿಂತ ಹತ್ತು ವರ್ಷ ದೊಡ್ಡವರು, ಬಿಳಿ ಕೂದಲಿನ ಅಜ್ಜಿ. ಮೊದಲ ದಿನ ನನ್ನನ್ನು ಹೆಸರು ಬರೆಯುವ ಮೇಜಿನ ಹತ್ತಿರ ಕೂರಿಸಿದರು. ಮೊದಲು ಬಂದವನು ಒಬ್ಬ ಗಂಡಸು. ಬೂಟಿಗೆ ಸಿಮೆಂಟ್ ಅಂಟಿತ್ತು, ಕಣ್ಣು ನೆಲದ ಮೇಲಿತ್ತು. ನಾನು ನಮ್ಮೂರಿನ ಅಭ್ಯಾಸದಲ್ಲಿ "ಕಾರ್ಡ್ ಎಲ್ಲಿ?" ಅಂದುಬಿಟ್ಟೆ. ಅವನ ಕೈ ಜೇಬಿಗೆ ಹೋಗಿ ಅಲ್ಲೇ ನಿಂತಿತು. ಮುಖ ಕೆಂಪಾಯಿತು. ಅಜ್ಜಿ ಬಂದು ನನ್ನ ಭುಜ ಮುಟ್ಟಿದರು, ಅವನ ಕಡೆ ತಿರುಗಿ ನಗುತ್ತಾ ಹೆಸರು ಕೇಳಿದರು, ಮನೆಯಲ್ಲಿ ಎಷ್ಟು ಜನ ಅಂತ ಕೇಳಿದರು. ಆದಾಯದ ಮಿತಿ ಬರೆದ ಹಾಳೆ ತೋರಿಸಿ, ಇದಕ್ಕಿಂತ ಕಡಿಮೆ ಇದೆ ಅಂತ ರುಜು ಹಾಕಿಸಿಕೊಂಡರು. ಮುಗಿಯಿತು. ಸಂಬಳದ ಚೀಟಿ ಇಲ್ಲ, ದಾಖಲೆ ಇಲ್ಲ.

"ಸುಳ್ಳು ಹೇಳಿ ತಗೊಂಡು ಹೋಗುವವರು ಇರೋದಿಲ್ವಾ?" ಅಂತ ಆಮೇಲೆ ಕೇಳಿದೆ. "ಒಬ್ಬಿಬ್ಬರು ಇರಬಹುದು. ಅವರನ್ನು ಹಿಡಿಯಲು ಹೋಗಿ ಉಳಿದವರನ್ನು ಬಾಗಿಲಿನಿಂದಲೇ ವಾಪಸ್ ಕಳಿಸಲಾ?" ಅಂದರು.

ಈ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ಊರಿಗೆ ಬಂದ ಮೇಲೆ ನಮ್ಮ ಬೀದಿಯ ಒಬ್ಬ ಅಜ್ಜಿಯ ಜೊತೆ ನ್ಯಾಯಬೆಲೆ ಅಂಗಡಿಗೆ ಹೋಗಿದ್ದೆ. ಇಡೀ ಬದುಕು ಪಾತ್ರೆ ತಿಕ್ಕಿ, ಬೀಡಿ ಕಟ್ಟಿ ಅವರ ಹೆಬ್ಬೆರಳಿನ ಗೆರೆಯೇ ಅಳಿಸಿಹೋಗಿದೆ. ಮೆಷಿನ್ ಒಪ್ಪಲಿಲ್ಲ. ಸೆರಗಿನಲ್ಲಿ ಒರೆಸಿದರು, ಮತ್ತೆ ಒತ್ತಿದರು. ಒಪ್ಪಲಿಲ್ಲ. ಎದುರಿಗೆ ಕೂತವನಿಗೆ ಅವರು ಯಾರು ಅಂತ ಇಪ್ಪತ್ತು ವರ್ಷದಿಂದ ಗೊತ್ತು. ಆದರೂ "ನಾಳೆ ಬಾರಜ್ಜಿ" ಅಂದ.

ಹಾಗಂತ ಅಲ್ಲಿನದೆಲ್ಲ ಸರಿ, ಇಲ್ಲಿನದೆಲ್ಲ ತಪ್ಪು ಅಂತ ನಾನು ಹೇಳುವುದಿಲ್ಲ. 2013ರ ಆಹಾರ ಭದ್ರತಾ ಕಾನೂನು ಬಂದ ಮೇಲೆ ನಮ್ಮಲ್ಲಿ ರೇಷನ್ ಅಕ್ಕಿ ಹಕ್ಕು. ಆ ಅಜ್ಜಿ ಮಾರನೇ ದಿನ ಹೋಗಿ ಜಗಳ ಮಾಡಿದರು, ತಂದರು. ಪ್ಯಾಂಟ್ರಿಯಲ್ಲಿ ಜಗಳ ಮಾಡಲು ಹಕ್ಕೇ ಇಲ್ಲ. ಅಲ್ಲಿ ಸರ್ಕಾರ ಬೇರೆಯಾಗಿ ಕಾರ್ಡಿನಲ್ಲಿ ದುಡ್ಡು ಹಾಕುವ ಯೋಜನೆ ಇದೆ, ಅದು ಹಕ್ಕು. ಪ್ಯಾಂಟ್ರಿ ಹಾಗಲ್ಲ. ನಮ್ಮದು ಶನಿವಾರ ಎರಡು ಗಂಟೆ ಮಾತ್ರ ತೆರೆಯುತ್ತಿತ್ತು. ಶನಿವಾರ ಕೆಲಸ ಇದ್ದವರು ಏನು ಮಾಡಬೇಕು? ಚರ್ಚೇ ಇಲ್ಲದ, ಕೈಜೋಡಿಸುವವರೇ ಇಲ್ಲದ ಊರಿನವರು? ಮೇಲಿನವರು ನಿಲ್ಲಿಸಿದರೆ ನಿಂತೇ ಹೋಗುತ್ತದೆ. 2025ರಲ್ಲಿ ಫುಡ್ ಬ್ಯಾಂಕುಗಳಿಗೆ ಬರಬೇಕಿದ್ದ ಸುಮಾರು 50 ಕೋಟಿ ಡಾಲರ್ ಬೆಲೆಯ ಆಹಾರವನ್ನು ಅಲ್ಲಿನ ಸರ್ಕಾರ ತಡೆಹಿಡಿಯಿತು. ಸುದ್ದಿ ಓದಿದಾಗ ನನ್ನ ಕಣ್ಣ ಮುಂದೆ ಬಂದಿದ್ದು ಆ ಕಪಾಟುಗಳು. ನಮ್ಮ ಶಾಲೆಯಲ್ಲೂ ಹೀಗೇ ಆಗುತ್ತಿತ್ತು. ಚೀಲ ಬರದ ತಿಂಗಳು ಒಲೆ ಹೊತ್ತುತ್ತಿರಲಿಲ್ಲ. ಅಂಥ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಕ್ಲಾಸಿನಲ್ಲಿ ಮಕ್ಕಳೇ ಕಡಿಮೆ.

ಇನ್ನೊಂದು ವಿಷಯ ಹೇಳಬೇಕು. ಅಲ್ಲಿ ಚೀಲ ಕಟ್ಟಿ ಕೈಗೆ ಕೊಡುತ್ತಿರಲಿಲ್ಲ. ತಳ್ಳುಗಾಡಿ ಕೊಡುತ್ತಿದ್ದರು. ಅಂಗಡಿಯಲ್ಲಿ ಆರಿಸುವ ಹಾಗೆ ಬೇಕಾದ್ದು ಆರಿಸಿಕೊಳ್ಳಬಹುದು. ಸಿಮೆಂಟ್ ಬೂಟಿನ ಆ ಮನುಷ್ಯ ಪೀಚ್ ಹಣ್ಣಿನ ಡಬ್ಬಿ ಎರಡು ತೆಗೆದುಕೊಂಡ, ಬೇಳೆಯನ್ನು ವಾಪಸ್ ಇಟ್ಟ. ಬೇಳೆ ಯಾವಾಗಲೂ ಹಾಗೇ ಉಳಿಯುತ್ತಿತ್ತು, ಏನು ಮಾಡಬೇಕು ಅಂತ ಅವರಿಗೆ ಗೊತ್ತಿರಲಿಲ್ಲ. ಒಂದು ಶನಿವಾರ ನಾನು ಟೊಮೇಟೊ ಹಾಕಿ ಸಾರು ಮಾಡಿಕೊಂಡು ಹೋದೆ. ಬಂದವರಿಗೆ ಕಾಗದದ ಲೋಟದಲ್ಲಿ ಕೊಟ್ಟು, ಮಾಡುವ ವಿಧಾನ ಬರೆದ ಚೀಟಿಯನ್ನೂ ಕೊಟ್ಟೆ. ಅವತ್ತು ಬೇಳೆಯ ಕಪಾಟು ಅರ್ಧ ಖಾಲಿಯಾಯಿತು.

ನಾನು ಹೊರಡುವ ಹಿಂದಿನ ಶನಿವಾರ. ಅಜ್ಜಿ ಮತ್ತು ನಾನು ಹಾಲಿನ ಪುಡಿಯ ಪೊಟ್ಟಣ ಜೋಡಿಸುತ್ತಿದ್ದೆವು. ಒಂದು ಪೊಟ್ಟಣ ಒಡೆದಿತ್ತು. ಆ ವಾಸನೆ ಮೂಗಿಗೆ ಬಡಿದಾಗ ನಾನು ಹಾಗೇ ನಿಂತುಬಿಟ್ಟೆ. ಏನಾಯಿತು ಅಂತ ಕೇಳಿದರು. ಶಾಲೆಯ ಕಥೆ ಹೇಳಿದೆ. ಉಪ್ಪಿಟ್ಟು, ಹಾಲು, ಚೀಲದ ಮೇಲಿನ ಎರಡು ಕೈ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ತಮ್ಮ ತಂದೆ ಇಲ್ಲೇ ಹತ್ತಿರದಲ್ಲಿ ಹಸು ಸಾಕಿದ್ದರು, ಡೈರಿಗೆ ಹಾಲು ಹಾಕುತ್ತಿದ್ದರು ಅಂದರು. ಆ ಹಾಲು ಪುಡಿಯಾಗಿ ಸರ್ಕಾರಕ್ಕೆ ಹೋಗುತ್ತಿತ್ತಂತೆ. ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ.

ನನ್ನ ಕೈ ಹಿಡಿದುಕೊಂಡು ಕೇಳಿದರು: "ಹಾಲು ಚೆನ್ನಾಗಿತ್ತಾ?"

"ಗಂಟು ಗಂಟಾಗಿರುತ್ತಿತ್ತು, ಸ್ವಲ್ಪ ಸೀದ ವಾಸನೆ," ಅಂದೆ. "ಆದರೆ ಇನ್ನೊಂದು ಲೋಟಕ್ಕೆ ನಾವೆಲ್ಲ ಮತ್ತೆ ಸಾಲಿನಲ್ಲಿ ನಿಲ್ಲುತ್ತಿದ್ದೆವು."

ನಮಸ್ಕಾರ.