ಎಣ್ಣೆ ಹಾಕಿದರೆ ಹಾಲಿನ ಫ್ಯಾಟ್ ಏರುತ್ತಾ?

ಹಸುವಿನ ಎಡಗಡೆ, ಕೊನೆಯ ಪಕ್ಕೆಲುಬಿನ ಹಿಂದೆ ಒಂದು ಗುಳಿ ಇದೆಯಲ್ಲ, ಅಲ್ಲಿ ಅಂಗೈ ಒತ್ತಿ ಹಿಡಿದಿದ್ದೇನೆ. ಸ್ವಲ್ಪ ತಡೆಯಿರಿ. ಹಾಂ, ಕೈ ಮೇಲೆದ್ದಿತು, ಕಂಡಿತಾ? ನಿಮಿಷಕ್ಕೆ ಒಂದೆರಡು ಸಲ ಹೀಗೆ ನೂಕುತ್ತದೆ. ಅದೇ ರೂಮೆನ್, ಹಸುವಿನ ಹೊಟ್ಟೆಯ ಮೊದಲ ಕೋಣೆ. ದೊಡ್ಡ ಹಸುವಿನಲ್ಲಿ 100 ಲೀಟರಿಗೂ ಜಾಸ್ತಿ ಹಿಡಿಯುವ ಚೀಲ. ಒಳಗೆ ಸುಮಾರು 39 ಡಿಗ್ರಿ ಬಿಸಿ, ಆಮ್ಲಜನಕ ಇಲ್ಲವೇ ಇಲ್ಲ ಅನ್ನಬಹುದು, ತುಂಬಾ ಸೂಕ್ಷ್ಮಜೀವಿಗಳು.

ಹಾಲಿನ ಫ್ಯಾಟ್ ಕಡಿಮೆ ಬರುತ್ತಿದೆ ಅಂತ ನಾನು ಒಮ್ಮೆ ಹುಲ್ಲು ಕಡಿಮೆ ಮಾಡಿ, ಕಾಳಿನ ಹಿಟ್ಟಿಗೆ ಎಣ್ಣೆ ಬೆರೆಸಿ ಹಾಕಿದ್ದೆ. ತಿಂದ ಜಿಡ್ಡು ಹಾಲಿಗೆ ಬಂದೇ ಬರುತ್ತದೆ ಅನ್ನುವ ನಂಬಿಕೆ. ಫ್ಯಾಟ್ ಇನ್ನೂ ಕೆಳಗಿಳಿಯಿತು. ತುಂಬಾ ಬೇಜಾರಾಯಿತು, ಯಾಕೆ ಹೀಗೆ ಅಂತ ಹುಡುಕಿ ಓದಲು ಶುರು ಮಾಡಿದ್ದು ಆಗಲೇ.

ಹಸಿ ಹುಲ್ಲಿನಲ್ಲೂ ಕೊಬ್ಬಿದೆ, ಸ್ವಲ್ಪವೇ. ಅದರಲ್ಲಿ ಲಿನೋಲೆನಿಕ್ ಆಮ್ಲ ಅನ್ನುವ, ಗಟ್ಟಿಯಾಗದ ಕೊಬ್ಬಿನಾಮ್ಲದ್ದೇ ದೊಡ್ಡ ಪಾಲು. ರೂಮೆನ್‌ಗೆ ಬಂದ ಕೊಬ್ಬನ್ನು ಬ್ಯಾಕ್ಟೀರಿಯಾಗಳು ಮೊದಲು ಒಡೆಯುತ್ತವೆ. ಬಿಡಿಯಾಗಿ ಉಳಿಯುವ ಇಂಥ ಕೊಬ್ಬಿನಾಮ್ಲ ಅವುಗಳಿಗೇ ವಿಷ, ಅದರಲ್ಲೂ ನಾರು ಕರಗಿಸುವ ಬ್ಯಾಕ್ಟೀರಿಯಾಗಳಿಗೆ. ಅದಕ್ಕೇ ಬ್ಯೂಟಿರಿವಿಬ್ರಿಯೊ ಅನ್ನುವಂಥ ಬ್ಯಾಕ್ಟೀರಿಯಾಗಳು ಆ ಆಮ್ಲಕ್ಕೆ ಹೈಡ್ರೋಜನ್ ಸೇರಿಸುತ್ತಾ ಹೋಗುತ್ತವೆ. ಕೊನೆಗೆ ಸಿಗುವುದು ಸ್ಟಿಯರಿಕ್ ಆಮ್ಲ, ಗಟ್ಟಿ ಕೊಬ್ಬು. ಎಣ್ಣೆಯನ್ನು ಹೀಗೆ ಗಟ್ಟಿ ಮಾಡಲು ಕಾರ್ಖಾನೆಯಲ್ಲಿ ನಿಕ್ಕಲ್ ಬೇಕು, ಜಾಸ್ತಿ ಬಿಸಿ ಬೇಕು. ಇಲ್ಲಿ ಮೈಬಿಸಿಯಲ್ಲೇ ಆಗುತ್ತದೆ. ನನಗಂತೂ ಇದು ಇಂದಿಗೂ ಬೆರಗು.

ಎಲ್ಲವೂ ಕೊನೆಯವರೆಗೆ ಹೋಗುವುದಿಲ್ಲ. ನಡುವಿನ ಹಂತದಲ್ಲೇ ತಪ್ಪಿಸಿಕೊಂಡ ವ್ಯಾಕ್ಸೆನಿಕ್ ಆಮ್ಲ ಕೆಚ್ಚಲಿಗೆ ಬಂದು ಸಿ.ಎಲ್.ಎ. (ಕಾಂಜುಗೇಟೆಡ್ ಲಿನೋಲೆಯಿಕ್ ಆಸಿಡ್) ಅನ್ನುವ ಕೊಬ್ಬಿನಾಮ್ಲ ಆಗುತ್ತದೆ. ಹಸಿರು ಮೇಯುವ ಹಸುವಿನ ಹಾಲಿನಲ್ಲಿ ಅದು ಜಾಸ್ತಿ ಇರುವುದು ಇದರಿಂದಲೇ.

ನಾನು ಕೆಡಿಸಿದ್ದು ಈ ದಾರಿಯನ್ನೇ. ನಾರು ಕಡಿಮೆಯಾಗಿ ಕಾಳು, ಎಣ್ಣೆ ಎರಡೂ ಹೆಚ್ಚಾದಾಗ ರೂಮೆನ್ ಹುಳಿಯಾಗುತ್ತದೆ, ಬೇರೆ ಬ್ಯಾಕ್ಟೀರಿಯಾಗಳ ಕೈ ಮೇಲಾಗುತ್ತದೆ. ಆಗ ಇನ್ನೊಂದು ಬಗೆಯ ಸಿ.ಎಲ್.ಎ. ಹುಟ್ಟುತ್ತದೆ. ಅದು ದಿನಕ್ಕೆ ಕೆಲವೇ ಗ್ರಾಂ ಕೆಚ್ಚಲು ಸೇರಿದರೂ ಸಾಕು, ಅಲ್ಲಿ ಕೊಬ್ಬು ತಯಾರಾಗುವುದು ಕುಗ್ಗುತ್ತದೆ. ಜೊತೆಗೆ ನಾರು ಕರಗಿಸುವವು ಸೊರಗಿದರೆ, ನಾರಿನಿಂದ ಅವು ತಯಾರಿಸುವ ಅಸಿಟೇಟ್ ಕಡಿಮೆ. ಹಾಲಿನ ಕೊಬ್ಬಿಗೆ ಮುಖ್ಯ ಕಚ್ಚಾವಸ್ತು ಅದೇ ಅಲ್ವಾ?

ಎಣ್ಣೆ ನಿಲ್ಲಿಸಿ ಉದ್ದನೆಯ ಹುಲ್ಲು ಹೆಚ್ಚಿಸಿದೆ. ಮೇವಿನ ಒಣತೂಕದಲ್ಲಿ ಒಟ್ಟು ಕೊಬ್ಬು 6 ಶೇಕಡ ದಾಟದಂತೆ ಈಗಲೂ ನೋಡಿಕೊಳ್ಳುತ್ತೇನೆ. ಮೂರನೇ ವಾರ ಫ್ಯಾಟ್ ಮೊದಲಿನ ಮಟ್ಟಕ್ಕೆ ಬಂತು.